ಎಂಟು ಮಿಲಿಮೀಟರು

ವೋಚೊ ಕಾರಿನ ಫ್ಯೂಯಲ್ ಪಂಪ್ ಬದಲಾಯಿಸುವುದು ಇಪ್ಪತ್ತು ನಿಮಿಷದ ಕೆಲಸ. ತಾಸ್ಕೊ ಊರಿನ ಏರುಬೀದಿಗಳಲ್ಲಿ ಓಡುವ ಬಿಳಿ ಟ್ಯಾಕ್ಸಿಗಳೆಲ್ಲ ಈ ಗುಂಡುಬೆನ್ನಿನ ಪುಟ್ಟ ಕಾರುಗಳೇ. ಎಂಜಿನ್ ಹಿಂದುಗಡೆ, ರೇಡಿಯೇಟರಿನ ನೀರಿನ ಹಂಗಿಲ್ಲ, ಬೀಸುವ ಗಾಳಿಯೇ ಅದಕ್ಕೆ ತಂಪು. ಅವುಗಳ ಕೆಮ್ಮು ನೆಗಡಿಗಳನ್ನೆಲ್ಲ ಮೂವತ್ತೆರಡು ವರ್ಷದಿಂದ ನೋಡಿಕೊಂಡು ಬಂದವನು ಗೌದೆನ್ಸಿಯೊ. ಎರಡು ನಟ್ಟು, ಎರಡು ಪೈಪು, ಒಂದು ಕಡ್ಡಿ. ಕಣ್ಣು ಮುಚ್ಚಿಕೊಂಡು ಮಾಡುತ್ತಾನೆ ಎಂದು ಡ್ರೈವರುಗಳು ಹೊಗಳುತ್ತಿದ್ದರು. ಆ ಹೊಗಳಿಕೆಯೇ ತಲೆಗೇರಿತ್ತೋ ಏನೋ. ಅಂಥವನು ಎಲಾದಿಯೊನ ಕಾರನ್ನು ಎಂಟು ದಿನದಿಂದ ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿಕೊಂಡು ಎಂಜಿನ್ ಮುಚ್ಚಳವನ್ನೂ ಎತ್ತದೆ ಕೂತಿದ್ದ.

ಎಲಾದಿಯೊ ಸತ್ತು ಅವತ್ತಿಗೆ ಒಂಬತ್ತು ದಿನ. ಮಟಮಟ ಮಧ್ಯಾಹ್ನ, ಕಡಿದಾದ ಏರಿನ ನಡುವೆ ಅವನ ಕಾರು ನಿಂತುಬಿಟ್ಟಿತ್ತು. ಹಿಂದೆ ನಾಲ್ಕು ಟ್ಯಾಕ್ಸಿಗಳು ಹಾರ್ನ್ ಹೊಡೆಯುತ್ತಿದ್ದವು. ಅವನು ಇಳಿದ, ಹೆಗಲು ಕೊಟ್ಟು ಕಾರನ್ನು ಗೋಡೆಯ ಪಕ್ಕಕ್ಕೆ ತಳ್ಳಿದ, ಹ್ಯಾಂಡ್‌ಬ್ರೇಕ್ ಎಳೆದ, ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತ. ಮತ್ತೆ ಏಳಲಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು. ಪಂಪ್ ನಿಂತಿತು ಎಂದರು ಕಾರನ್ನು ಶೆಡ್ಡಿಗೆ ತಳ್ಳಿಕೊಂಡು ಬಂದ ಡ್ರೈವರುಗಳು. ಆ ಪಂಪನ್ನು ಹೊಸದಾಗಿ ಹಾಕಿ ಆಗ ಹನ್ನೆರಡು ದಿನವಾಗಿತ್ತಷ್ಟೆ. ಹಾಕಿದವನು ಗೌದೆನ್ಸಿಯೊ.

ಹೆಣ ಹೊರುವಾಗ ಅವನೂ ಹೆಗಲು ಕೊಟ್ಟಿದ್ದ. ಭಾರ ಗೊತ್ತಾಗಲಿಲ್ಲ. ಅಳು ಬರಲಿಲ್ಲ. ಹೆಂಡತಿ ಬಡಿಸಿದ್ದನ್ನು ಉಂಡ, ಉಪ್ಪಿದೆಯೋ ಇಲ್ಲವೋ ನಾಲಿಗೆಗೆ ತಿಳಿಯಲಿಲ್ಲ. ಎಲಾದಿಯೊನ ಮಗಳ ಜ್ಞಾನಸ್ನಾನಕ್ಕೆ ಧರ್ಮಪಿತನಾಗಿ ನಿಂತವನು ಇವನು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ, ಒಡಹುಟ್ಟಿದವರಿಗಿಂತ ಹೆಚ್ಚು. ಅಂಥ ಕೊಂಪಾದ್ರೆ ಸತ್ತಿದ್ದಾನೆ, ಒಳಗೆ ಮಾತ್ರ ಏನೂ ಅಲ್ಲಾಡುತ್ತಿಲ್ಲ. ನಾನೇನು ಕಲ್ಲೋ ಮನುಷ್ಯನೋ ಎಂದು ತನ್ನನ್ನೇ ಕೇಳಿಕೊಂಡ. ಆ ಪ್ರಶ್ನೆಯೂ ಅವನನ್ನು ಮುಟ್ಟಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಎಲಾದಿಯೊನ ಹೆಂಡತಿ, ಇವನಿಗೆ ಕೊಮಾದ್ರೆಯಾದ ಸೆನಾಯ್ದಾ ಶೆಡ್ಡಿಗೆ ಬಂದಳು. ಕರಿಯ ಶಾಲು, ಕೈಯಲ್ಲಿ ಮುಸುಕಿನ ಜೋಳದ ಸಿಪ್ಪೆಯ ಕಟ್ಟು.

"ಕೊಂಪಾದ್ರೆ, ಗಾಡಿ ಆಯ್ತಾ?"

"ಇನ್ನೂ ನೋಡಿಲ್ಲ ಕೊಮಾದ್ರೆ."

"ಎಂಟು ದಿನ ಆಯ್ತಲ್ಲ."

"ಹೂಂ."

"ಇವತ್ತು ಸಂಜೆ ಶಿಲುಬೆ ಎತ್ತೋದು. ನಾಳೆ ಬೆಳಿಗ್ಗೆ ಅದು ಅವರ ಗಾಡೀಲೇ ಸಮಾಧಿಗೆ ಹೋಗ್ಬೇಕು. ಬೇರೆಯವರ ಗಾಡೀಲಿ ಕಳಿಸಿದ್ರೆ ಅವರು ನನ್ನನ್ನ ಬಿಡ್ತಾರಾ? ಬದುಕಿದ್ದಾಗ ಬೇರೆಯವರ ಸೀಟಿನ ಮೇಲೆ ಕೂತವರೇ ಅಲ್ಲ." ಅವಳು ಕಾರಿನ ಮುಚ್ಚಳದ ಮೇಲಿನ ಧೂಳನ್ನು ಶಾಲಿನ ತುದಿಯಿಂದ ಒರೆಸಿದಳು. "ಎತ್ತೋದು ನೀವೇ. ಮರೆತಿಲ್ಲ ತಾನೆ?"

"ಮರೆತಿಲ್ಲ."

ಮರೆಯುವುದು ಹೇಗೆ? ಹೆಣವಿಟ್ಟ ಜಾಗದಲ್ಲಿ ನೆಲದ ಮೇಲೆ ಸುಣ್ಣದ ಶಿಲುಬೆ ಬರೆದು ಒಂಬತ್ತು ಸಂಜೆ ಜಪ ಮಾಡುತ್ತಾರೆ. ಕಡೆಯ ಸಂಜೆ ಒಬ್ಬನು ಆ ಸುಣ್ಣವನ್ನು ಬಾಚಿ ಪೆಟ್ಟಿಗೆಗೆ ತುಂಬಬೇಕು. ಮರುದಿನ ಅದು ಸಮಾಧಿ ಸೇರುತ್ತದೆ. ಹಾಗೆ ಎತ್ತಿದವನು ಆ ಮನೆಗೆ ಸಾಯುವವರೆಗೂ ಕಟ್ಟುಬಿದ್ದಂತೆ. ಸೆನಾಯ್ದಾ ಮೊದಲ ದಿನವೇ ಇವನ ಹೆಸರು ಹೇಳಿದ್ದಳು. ಇವನು ತಲೆಯಾಡಿಸಿದ್ದ.

ಅವಳು ಹೋದ ಮೇಲೆ ಸ್ಪಾರ್ಕ್ ಪ್ಲಗ್ ಕೊಳ್ಳಲು ಬಂದ ಡ್ರೈವರ್ ತ್ರಾಂಕಿಲಿನೊ ಮೂಲೆಯತ್ತ ನೋಡಿ ನಕ್ಕ.

"ಏನ್ ಮೇಸ್ತ್ರಿ, ಒಂದು ಪಂಪ್ ಬಿಚ್ಚೋಕೆ ಮುಹೂರ್ತ ಇಡಿಸ್ತಿದೀರಾ? ಬಿಷಪ್ಪರನ್ನ ಕರೆಸಿ ಮಂತ್ರದ ನೀರು ಹಾಕಿಸ್ಲಾ?"

"ಪ್ಲಗ್ ತಗೊಂಡು ಹೊರಡು."

ತ್ರಾಂಕಿಲಿನೊ ಹೊರಡಲಿಲ್ಲ. ಅವನ ದನಿ ಮೆತ್ತಗಾಯಿತು. "ನೀವು ತಲೆ ಕೆಡಿಸ್ಕೋಬೇಡಿ. ಗಾಡಿ ದಿನಾ ನಿಲ್ಲುತ್ತೆ, ನಾವು ದಿನಾ ತಳ್ತೀವಿ. ಅವನ ಟೈಮ್ ಬಂದಿತ್ತು, ಅಷ್ಟೆ."

"ಹೊರಡು ಅಂದ್ನಲ್ಲ."

ಅವನು ಹೋದ. ಗೌದೆನ್ಸಿಯೊ ಹದಿಮೂರರ ಸ್ಪ್ಯಾನರ್ ತೆಗೆದುಕೊಂಡು ಎಂಜಿನ್ ಮುಚ್ಚಳ ಎತ್ತಿದ.

ಪಂಪಿನ ಮೇಲೆ ಕೆಂಪು ಬಟ್ಟೆ ಒಣಗಿ ಹಪ್ಪಳವಾಗಿತ್ತು. ಬಿಸಿಲೇರಿದಾಗ ಪೆಟ್ರೋಲು ಪೈಪಿನಲ್ಲೇ ಆವಿಯಾಗುತ್ತದೆಂದು ಇಲ್ಲಿನ ಡ್ರೈವರುಗಳು ಪಂಪಿಗೆ ಒದ್ದೆ ಬಟ್ಟೆ ಹೊದಿಸುತ್ತಾರೆ. ಜ್ವರ ಬಂದ ಮಗುವಿನ ಹಣೆಗೆ ಹಾಕುವಂತೆ ಎಲಾದಿಯೊ ಅದನ್ನು ಗಂಟೆಗೊಮ್ಮೆ ನೆನೆಸಿ ಹಾಕುತ್ತಿದ್ದ. ಗೌದೆನ್ಸಿಯೊ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟ. ಎಂಜಿನ್ ಆಯಿಲಿನ ಮಟ್ಟ ನೋಡುವ ಕಡ್ಡಿ ಎಳೆದು ಮೂಸಿದ. ಪೆಟ್ರೋಲ್ ವಾಸನೆ ಗಪ್ಪೆಂದು ಬಡಿಯಿತು. ಅಂದರೆ ಪಂಪಿನ ಒಳಗಿನ ರಬ್ಬರ್ ಪೊರೆ ಹರಿದಿದೆ, ಪೆಟ್ರೋಲು ಕಾರ್ಬುರೇಟರಿಗೆ ಏರದೆ ಆಯಿಲಿಗೆ ಇಳಿದಿದೆ. ಹನ್ನೆರಡು ದಿನದ ಪೊರೆ ತಾನಾಗಿ ಹರಿಯುವುದಿಲ್ಲ. ಇಷ್ಟು ತಿಳಿಯಲು ಅವನಿಗೆ ಎಂಟು ದಿನ ಬೇಕಿರಲಿಲ್ಲ. ಶೆಡ್ಡಿಗೆ ಕಾರು ಬಂದ ದಿನವೇ ಮೂಗಿಗೆ ಗೊತ್ತಾಗಿತ್ತು.

ಎರಡು ಪೈಪು ಕಿತ್ತು, ಎರಡು ನಟ್ಟು ಬಿಚ್ಚಿ, ಪಂಪನ್ನು ಎತ್ತಿಟ್ಟ. ಕೆಳಗಿನ ತೂತಿನಿಂದ ಕಡ್ಡಿಯನ್ನು ಎಳೆದ. ಎಂಜಿನ್ ತಿರುಗಿದಂತೆಲ್ಲ ಮೇಲೆ ಕೆಳಗೆ ಆಡಿ ಪಂಪನ್ನು ಒತ್ತುವ ಉಕ್ಕಿನ ಕಡ್ಡಿ ಅದು. ಅದರಲ್ಲಿ ಎರಡು ಜಾತಿ. ಹಳೆಯ ಡೈನಮೋ ಇರುವ ಕಾರಿಗೆ ಉದ್ದದ್ದು, ಆಲ್ಟರ್ನೇಟರ್ ಹಾಕಿಸಿಕೊಂಡ ಕಾರಿಗೆ ಗಿಡ್ಡದ್ದು. ವ್ಯತ್ಯಾಸ ಎಂಟು ಮಿಲಿಮೀಟರು. ಎಲಾದಿಯೊ ಎರಡು ವರ್ಷದ ಹಿಂದೆಯೇ ಆಲ್ಟರ್ನೇಟರ್ ಹಾಕಿಸಿದ್ದ, ಇದೇ ಶೆಡ್ಡಿನಲ್ಲಿ.

ಈ ಬೀದಿಯ ಮೇಸ್ತ್ರಿಗಳು ಕಡ್ಡಿಯನ್ನು ಅಳೆಯಲು ಸ್ಕೇಲು ಹಿಡಿಯುವುದಿಲ್ಲ, ಹಿಡಿದರೆ ನಗುತ್ತಾರೆ. ಅಂಗೈಯ ಗೆರೆಗೆ ಒಂದು ತುದಿ ಇಟ್ಟು ನಡುಬೆರಳ ಉದ್ದಕ್ಕೂ ಮಲಗಿಸುತ್ತಾರೆ. ಬೆರಳ ತುದಿಗೆ ಸರಿಯಾದರೆ ಗಿಡ್ಡದ್ದು, ಆಚೆ ಇಣುಕಿದರೆ ಉದ್ದದ್ದು. ಗೌದೆನ್ಸಿಯೊ ಈಗ ಹಾಗೆ ಮಲಗಿಸಿದ. ಕಡ್ಡಿ ಬೆರಳನ್ನು ದಾಟಿ ಆಚೆ ಇಣುಕಿತು.

ಪಂಪ್ ಹಾಕಿದ ದಿನ ಇಣುಕಿರಲಿಲ್ಲ. ಅವತ್ತು ನಡುಬೆರಳ ತುದಿ ಫ್ಯಾನ್ ಬ್ಲೇಡಿಗೆ ಸಿಕ್ಕಿ ಕೊಯ್ದುಹೋಗಿ, ಹೆಂಡತಿ ಅದಕ್ಕೆ ದಪ್ಪನೆ ಬಟ್ಟೆ ಸುತ್ತಿದ್ದಳು. "ಬೇಗ ಮಾಡಿ ಕೊಂಪಾದ್ರೆ, ಸ್ಕೂಲ್ ಮಕ್ಕಳು ಕಾಯ್ತಿದಾರೆ" ಎಂದು ಎಲಾದಿಯೊ ನಿಂತ ಕಾಲಲ್ಲೇ ಅವಸರಿಸುತ್ತಿದ್ದ. ಗೌದೆನ್ಸಿಯೊ ಡಬ್ಬಿಗೆ ಕೈ ಹಾಕಿ ಒಂದು ಕಡ್ಡಿ ತೆಗೆದ, ಬೆರಳಿಗೆ ಮಲಗಿಸಿದ, ತುದಿಗೆ ಸರಿಹೋಯಿತು, ಹಾಕಿದ. ಬೆರಳನ್ನು ಬಟ್ಟೆ ಉದ್ದ ಮಾಡಿತ್ತು. ಉದ್ದದ ಕಡ್ಡಿ ಪ್ರತಿ ಸುತ್ತಿಗೂ ಪೊರೆಯನ್ನು ಮಿತಿಮೀರಿ ಜಗ್ಗಿ, ಹನ್ನೆರಡನೆಯ ದಿನ ಹರಿದುಹಾಕಿತ್ತು.

ಅವನು ಕಡ್ಡಿಗೆ ಹತ್ತಿದ್ದ ಆಯಿಲನ್ನು ಒರೆಸಿದ. ಎದೆ ಒಡೆದುಹೋಗುತ್ತದೆ ಎಂದುಕೊಂಡಿದ್ದ. ಒಡೆಯಲಿಲ್ಲ. ಗಾಯ ಮಾದ ಬೆರಳ ತುದಿಯಲ್ಲಿ ಸ್ಪರ್ಶವೇ ಉಳಿದಿರಲಿಲ್ಲ. ಅವನು ಇಡಿಯಾಗಿ ಹಾಗೇ ಆಗಿದ್ದ. ಕಡ್ಡಿಗಳ ಡಬ್ಬಿ ಕೈಗೆಟುಕುವಷ್ಟು ದೂರದಲ್ಲೇ ಇತ್ತು. ಅದರೊಳಗೆ ಹಾಕಿಬಿಟ್ಟರೆ ಮುಗಿಯಿತು, ಈ ಲೋಕದಲ್ಲಿ ಯಾರಿಗೂ ತಿಳಿಯುವುದಿಲ್ಲ. ಅವನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಆಮೇಲೆ ಪಕ್ಕದ ಸ್ಟೇಷನರಿ ಅಂಗಡಿಗೆ ಹೋಗಿ ಶಾಲೆಯ ಮಕ್ಕಳ ಸ್ಕೇಲೊಂದನ್ನು ಕೊಂಡು ತಂದ. ಗಿಡ್ಡ ಕಡ್ಡಿಯನ್ನು ಮೂರು ಸಲ ಅಳೆದ. ಗ್ಯಾಸ್ಕೆಟ್ ಹೊಸದು, ಪಂಪ್ ಹೊಸದು, ಅದರ ಹೊಟ್ಟೆಗೆ ಗ್ರೀಸು, ಎಂಜಿನ್ನಿಗೆ ಹೊಸ ಆಯಿಲ್. ಇಪ್ಪತ್ತು ನಿಮಿಷದ ಕೆಲಸಕ್ಕೆ ಮೂರು ಗಂಟೆ ಹಿಡಿಯಿತು. ಕಡೆಗೆ ಕೆಂಪು ಬಟ್ಟೆಯನ್ನು ನೆನೆಸಿ, ಹಿಂಡಿ, ಪಂಪಿಗೆ ಹೊದಿಸಿದ. ಕಾರು ಎರಡನೆಯ ಸಲಕ್ಕೆ ಸ್ಟಾರ್ಟ್ ಆಯಿತು. ಅದೇ ಏರನ್ನು ಅದು ಮರುಮಾತಿಲ್ಲದೆ ಹತ್ತಿತು.

ಸೆನಾಯ್ದಾಳ ಅಡುಗೆಮನೆಯಲ್ಲಿ ಜೋಳದ ಸಿಪ್ಪೆಯಲ್ಲಿ ಸುತ್ತಿದ ತಮಾಲೆ ಕಡುಬು ಬೇಯುತ್ತಿತ್ತು. ಒಳಗಿನ ಕೋಣೆಯಲ್ಲಿ ಹೆಂಗಸರು ಕಡೆಯ ಜಪಕ್ಕೆ ಕೂತಿದ್ದರು. ಗೌದೆನ್ಸಿಯೊ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟ. ಅದರ ಪಕ್ಕದಲ್ಲಿ ಜೇಬಿನ ಕಡ್ಡಿಯನ್ನಿಟ್ಟ, ಅದರ ಜೊತೆಗೆ ತಂದಿದ್ದ ಇನ್ನೊಂದು ಗಿಡ್ಡ ಕಡ್ಡಿಯನ್ನಿಟ್ಟ.

"ಕೊಮಾದ್ರೆ, ಶಿಲುಬೆ ನಾನು ಎತ್ತಲ್ಲ."

ಅವಳು ಪಾತ್ರೆಯ ಮುಚ್ಚಳ ಹಿಡಿದುಕೊಂಡೇ ತಿರುಗಿದಳು. "ಯಾಕೆ?"

"ಈ ಗಿಡ್ಡದ್ದು ಹಾಕ್ಬೇಕಿತ್ತು. ನಾನು ಈ ಉದ್ದದ್ದನ್ನ ಹಾಕಿದ್ದೆ. ಅದಕ್ಕೇ ಗಾಡಿ ನಿಂತಿದ್ದು."

ಸೆನಾಯ್ದಾ ಕೈ ಒರೆಸಿಕೊಂಡು ಎರಡನ್ನೂ ಎತ್ತಿಕೊಂಡಳು. ಮೇಜಿನ ಮೇಲೆ ನಿಲ್ಲಿಸಿ ಒಂದರ ಪಕ್ಕ ಒಂದನ್ನು ಹಿಡಿದಳು.

"ಇಷ್ಟೇನಾ?"

"ಇಷ್ಟೇ."

ಒಳಗೆ ಹೆಂಗಸರು ಒಂದು ಸುತ್ತು ಜಪ ಮುಗಿಸಿ ಇನ್ನೊಂದನ್ನು ಶುರುಮಾಡಿದರು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಬೈದರೆ ಸಾಕು, ಕೀಲಿ ಎತ್ತಿ ಮುಖಕ್ಕೆ ಬಿಸಾಡಿದರೆ ಸಾಕು ಎನ್ನಿಸಿತ್ತು.

"ಯಾರಿಗೆ ಹೇಳಿದೀರಾ?"

"ಯಾರಿಗೂ ಇಲ್ಲ."

"ನನಗೆ ಹೇಳಿ ಹಗುರ ಮಾಡ್ಕೊಂಡು ಮನೆಗೆ ಹೋಗೋಣ ಅಂತ ಬಂದ್ರಾ?" ಅವಳ ದನಿ ಏರಲಿಲ್ಲ. "ಹಾಗೆಲ್ಲ ಬಿಡಲ್ಲ ನಾನು. ಎತ್ತೋದು ನೀವೇ. ವರ್ಷಾ ವರ್ಷಾ ಈ ದಿನ ಬಂದು ಸಮಾಧಿಗೆ ಹೊಸ ಶಿಲುಬೆ ನೆಡೋದೂ ನೀವೇ. ನನಗೆ ನಿಮ್ಮ ಮುಖ ನೋಡೋಕೆ ಆಗ್ದೇ ಇದ್ರೂ ಬರ್ಬೇಕು. ನಿಮಗೆ ನನ್ನ ಮುಖ ನೋಡೋಕೆ ಆಗ್ದೇ ಇದ್ರೂ ಬರ್ಬೇಕು. ತಿಳೀತಾ?"

"ಕೊಮಾದ್ರೆ..."

"ಕೈ ತೊಳ್ಕೊಳ್ಳಿ. ಕರೀತಿದಾರೆ."

ಅವನು ಕೈ ತೊಳೆದು ಒಳಗೆ ಹೋದ. ಮೇಣದಬತ್ತಿಗಳ ನಡುವೆ ನೆಲದ ಮೇಲೆ ಸುಣ್ಣದ ಶಿಲುಬೆ ಒಬ್ಬ ಮನುಷ್ಯನಷ್ಟು ಉದ್ದಕ್ಕೆ ಮಲಗಿತ್ತು. ಜಪ ಹೇಳಿಸುವ ಮುದುಕಿ ಅವನನ್ನು ಮಂಡಿಯೂರಿಸಿದಳು. ಮೊದಲು ತಲೆ, ಆಮೇಲೆ ಎರಡು ತೋಳು, ಕಡೆಗೆ ಪಾದ. ಒಂದೊಂದಕ್ಕೂ ಒಂದು ಪ್ರಾರ್ಥನೆ. ಎಲಾದಿಯೊನ ಮಗಳು ಎದುರಿಗೆ ನಿಂತು ಬಿಕ್ಕುತ್ತಿದ್ದಳು. ಸೆನಾಯ್ದಾ ಮರದ ಪೆಟ್ಟಿಗೆಯನ್ನು ತಂದು ಅವನ ಮುಂದೆ ತೆರೆದು ಹಿಡಿದಳು.

ಪೆಟ್ಟಿಗೆಯ ತಳದಲ್ಲಿ ಉದ್ದದ ಕಡ್ಡಿ ಇತ್ತು.

ಅವನು ತಲೆಯೆತ್ತಿದ. ಅವಳು ಶಿಲುಬೆಯತ್ತ ಕಣ್ಣು ತೋರಿಸಿದಳು. ಅವನು ಬರಿಗೈಯಲ್ಲಿ ತಲೆಯ ಭಾಗದ ಸುಣ್ಣವನ್ನು ಬಾಚಿ ಕಡ್ಡಿಯ ಮೇಲೆ ಸುರಿದ. ತೋಳುಗಳನ್ನು ಬಾಚುವ ಹೊತ್ತಿಗೆ ಕಡ್ಡಿ ಮುಚ್ಚಿಹೋಗಿತ್ತು. ಪಾದದ ಹತ್ತಿರ ಬಂದಾಗ ಸುಣ್ಣ ಒದ್ದೆ ಕೈಗೆ ಹತ್ತಿಕೊಂಡು, ಗಾಯ ಮಾದ ನಡುಬೆರಳ ತುದಿ ಚುರುಚುರು ಉರಿಯತೊಡಗಿತು. ಒಂಬತ್ತು ದಿನಗಳಲ್ಲಿ ಅವನಿಗೆ ತಿಳಿದ ಮೊದಲ ನೋವು ಅದು. ಅವನು ಕೈ ಹಿಂದೆಗೆಯದೆ ನೆಲದ ಮೇಲೆ ಉಳಿದ ಸುಣ್ಣವನ್ನೆಲ್ಲ ಆ ಬೆರಳಿನಿಂದಲೇ ಒರೆಸಿ ಎತ್ತಿದ.