ಒಂದ ಹನಿ ರಕ್ತ ಇಲ್ಲ

ಕುಬೇರಪ್ಪಗ ಸೊಕ್ಕಿತ್ತು. ಇದ್ದದ್ದು ಹೇಳಬೇಕಲ್ಲ! ಹುಬ್ಬಳ್ಳ್ಯಾಗ ಹಲ್ಲಿನ ಡಾಕ್ಟರ ಕೈಕೆಳಗ ನಾಕು ವರ್ಷ ದುಡಿದು, ೧೯೩೮ರಾಗ ಅಕ್ಕಿಆಲೂರ ಪ್ಯಾಟ್ಯಾಗ ಕುರ್ಚಿ ಹಾಕಿದ್ದ. ಅಲ್ಲೀತನಕ ಊರಿನ ಹಲ್ಲೆಲ್ಲಾ ಕಿತ್ತಾಂವ ಖಲಂದರ ಒಬ್ಬನ. ಅವನ ಇಕ್ಕಳಕ್ಕ ಮಂದಿ ಚೀರತಿದ್ರು, ರಕ್ತ ಬಳಬಳ ಸುರೀತಿತ್ತು. ಅದು ನಿಲ್ಲೋತನಕ ಖಲಂದರ ಯಾರನ್ನೂ ತನ್ನ ಕಟ್ಟಿ ಇಳಿಯಾಕ ಬಿಡ್ತಿರಲಿಲ್ಲ.

ಕುಬೇರಪ್ಪನ ಸೂಜಿ ಬ್ಯಾರೆ. ಜೋಮು ಹಿಡಿಸೋ ಔಷಧದಾಗ ಅಡ್ರಿನಲಿನ್ ಹನಿ ಕೂಡಿಸಿದ್ರ ಒಸಡಿನ ರಕ್ತನಾಳ ಬಿಗದ್ಕೊಂಡು, ಹಲ್ಲು ಕಿತ್ರೂ ರಕ್ತ ಕಾಣ್ತಿರಲಿಲ್ಲ. "ಅದರ ಜೋರು ಇಳದ ಮ್ಯಾಲೆ ರಕ್ತ ಬರಬಹುದು, ಹಲ್ಲು ಕಿತ್ತವರನ್ನ ಎರಡು ತಾಸು ಕುಂಡ್ರಸು" ಅಂತ ಡಾಕ್ಟರು ಹೇಳಿದ್ರು. ಹೇಳಿದ್ದು ನೆನಪಿತ್ತು. ಆದ್ರ ಮಂದಿ "ಶಾಬಾಸ್!" ಅನ್ನೋದರ ರುಚಿ ಹತ್ತಿತ್ತು ನೋಡ್ರಿ, ಯಾರನ್ನೂ ಕುಂಡ್ರಸ್ತಿರಲಿಲ್ಲ.

ಒಂದು ಸಂತಿ ದಿನ ಹಾನಗಲ್ಲಿಂದ ಅವನ ಅಕ್ಕ ಶಿವಬಸವ್ವ ಬಂದ್ಲು. ತಾಯಿ ಇಲ್ಲದ ತಮ್ಮನ್ನ ಎತ್ತಿ ಆಡಿಸಿ ಬೆಳಿಸಿದಾಕಿ. ಚಳಿಜ್ವರ ಬಂದು ಹೋಗಿ ಬಿಳಚಿಕೊಂಡಿದ್ಲು. ಆಕಿ ದವಡಿ ಹಲ್ಲು ಕಿತ್ತು, ಎತ್ತಿ ಹಿಡಿದು, ಕುಬೇರಪ್ಪ ಸಂತಿ ಮಂದಿಗೆ ಕೂಗಿದ: "ನೋಡ್ರಿ, ಒಂದ ಹನಿ ರಕ್ತ ಐತೇನು?"

"ಗಾಡಿ ಕಾಯಾಕತ್ತೈತಿ. ಸಂಜೀ ಲಿಂಗಪೂಜಿ ತಪ್ಪಬಾರದಲ್ಲೋ ತಮ್ಮಾ, ಹೋಗ್ಲೇನು?"

"ಹೋಗಕ್ಕಾ, ಏನೂ ಆಗೂದಿಲ್ಲ."

ಅಕ್ಕ ಬಾಯಿ ಮುಕ್ಕಳಿಸದೆ ಲಿಂಗ ಮುಟ್ಟೋದಿಲ್ಲ ಅನ್ನೋದು ಅದ ಮನಿಯಾಗ ಬೆಳದವಗ ಗೊತ್ತಿರಲಿಲ್ಲೇನು? ಮುಕ್ಕಳಿಸಿದ್ರ ಗಾಯದ ಹೆಪ್ಪು ಕಿತ್ತು ಹೋಗ್ತೈತಿ, ಇವತ್ತೊಂದಿನ ಬ್ಯಾಡ ಅನ್ನಬೇಕಿತ್ತು. ಅನ್ನಲಿಲ್ಲ, ಪುಣ್ಯಾತ್ಮ.

ಮರುದಿನ ಮುಂಜಾನೆ ಸಾವಿನ ಸುದ್ದಿ ಬಂತು.

ಕುಬೇರಪ್ಪ ಹೋಗೋದ್ರಾಗ ಪಡಸಾಲ್ಯಾಗ ಅಕ್ಕನ್ನ ಗ್ವಾಡಿಗೆ ಆನಿಸಿ, ಇಬತ್ತಿ ಹಚ್ಚಿ, ಕುಂಡ್ರಿಸಿದ್ರು. ಅಕ್ಕನ ಗಂಡ ಗುತ್ತೆಪ್ಪ ಬೈಲಿಲ್ಲ. ಬೈದಿದ್ರ ಚಲೋ ಇತ್ತು.

"ಪೂಜಿಗಂತ ಮುಕ್ಕಳಿಸಿದ್ಲು, ರಕ್ತ ಬಂತು. ಬಾಯಿ ಸ್ವಚ್ಛ ಆಗಲಿ ಅಂತ ಮತ್ತ ಮತ್ತ ಮುಕ್ಕಳಿಸಿದ್ಲು. ನಿಲ್ಲಲಿಲ್ಲೋ ಕುಬೇರಾ."

"ನನಗ್ಯಾಕ ಹೇಳಿ ಕಳಿಸಲಿಲ್ರಿ?"

"ಗಾಡಿ ಹೂಡಿದ್ದೆ. 'ಬ್ಯಾಡ್ರಿ, ಒಂದ ಹನಿ ರಕ್ತ ಇಲ್ಲಂತ ಸಂತ್ಯಾಗೆಲ್ಲಾ ಕೂಗ್ಯಾನ, ತಮ್ಮನ ಹೆಸರು ಕೆಡ್ತೈತಿ' ಅಂದ್ಲು. ಬಾಯಿ ಮುಚ್ಚಿಕೊಂಡು ನುಂಗಕೋತ ಕುಂತ್ಲು."

ಕುಬೇರಪ್ಪ ಅಕ್ಕನ ಮಗ್ಗಲಕ್ಕ ಕುಂತ. ನಿನ್ನೆ ಕುಂಡ್ರಸಬೇಕಾಗಿದ್ದ ಎರಡು ತಾಸು ಅಲ್ಲೇ ಕುಂತ. ಆಕೀನ ಎತ್ತಿಕೊಂಡು ಹೋಗಾಕ ಮಂದಿ ಬಂದ್ರೂ ಏಳಲಿಲ್ಲ.