ಜಾರ್ಜಿಯಾದಿಂದ ಬಂದ ಕೂದಲು

ಕಿತ್ತಳೆ ಸುಲಿಯುತ್ತಿದ್ದಾಳೆ ಪಕ್ಕದವಳು, ಕೋರ್ಟಿನೊಳಗೆ ಕೂತುಕೊಂಡು, ಇಲ್ಲಿ ಏನೂ ತಿನ್ನಬಾರದು ಎಂದು ಗೋಡೆಯ ಮೇಲೆ ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದರೂ — ಸುಲಿಯಲಿ, ನನಗೇನು, ಕಿತ್ತಳೆಯ ವಾಸನೆಯಾದರೂ ಚೆನ್ನಾಗಿದೆ, ನನ್ನ ಮಡಿಲಲ್ಲಿರುವ ಈ ಪೆಟ್ಟಿಗೆಯ ವಾಸನೆಗಿಂತ ಎಷ್ಟೋ ವಾಸಿ, ಇಷ್ಟು ತಿಂಗಳಾದರೂ ಹೋಗಿಲ್ಲ, ಮುಚ್ಚಳ ತೆಗೆದರೆ ಸಾಕು ಟೈರು ಸುಟ್ಟ ನಾತ, ಇದನ್ನು ನನ್ನ ಅಕ್ಕ ತಲೆಯ ಮೇಲೆ ಇಟ್ಟುಕೊಂಡಿದ್ದಳಲ್ಲ, ಇದನ್ನು, ಈ ಪ್ಲಾಸ್ಟಿಕ್ಕಿನ ವಿಗ್ಗನ್ನು, ಈಸ್ಟರ್ ಭಾನುವಾರ, ಇಡೀ ಚರ್ಚಿನ ಮುಂದೆ — ಬೇಡ, ಈಗಲೇ ಅದನ್ನು ನೆನೆಯಬೇಡ ರೋಸೆಟಾ, ಈಗಲೇ ರಕ್ತ ಕುದಿದರೆ ನ್ಯಾಯಾಧೀಶರ ಮುಂದೆ ನಿಂತಾಗ ನಾಲಗೆ ಹೊರಳುವುದಿಲ್ಲ, ಮೊದಲೇ ನಿನಗೆ ಸಿಟ್ಟು ಬಂದರೆ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದೆ. ಗಾಜಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕನಿಗೆ ಸುಳ್ಳು ಹೇಳಿ ಅರ್ಧ ದಿನ ರಜೆ ಹಾಕಿ ಬಂದಿದ್ದೇನೆ, ಹಲ್ಲು ನೋವು ಎಂದು, ಹಲ್ಲೇ ಬೇಕಾಗಿತ್ತು ನನಗೆ, ಕಚ್ಚುವುದಕ್ಕೆ. ಅಕ್ಕ ಹೊರಗೆ ಕಾರಿನಲ್ಲಿದ್ದಾಳೆ, ಆಗಸ್ಟ್ ತಿಂಗಳ ಈ ಸೆಕೆಯಲ್ಲಿ, ಕಾರಿನ ಎಸಿ ಕೆಟ್ಟು ಎಷ್ಟು ಕಾಲವಾಯಿತೋ, ಕಿಟಕಿ ಇಳಿಸಿಕೊಂಡು ಯಾವುದೋ ಹಳೆಯ ಪತ್ರಿಕೆಯಲ್ಲಿ ಗಾಳಿ ಬೀಸಿಕೊಳ್ಳುತ್ತಿರಬೇಕು, ಒಳಗೆ ಬಾರೇ ಅಂದರೆ ಕೇಳಿದಳೇ, ನನ್ನ ಬೋಳು ತಲೆ ವಿಚಾರಾನ ಟೊಲೀಡೊ ಊರಿನವರೆಲ್ಲ ಕೂತು ಮಾತಾಡೋ ಕಡೆ ನಾನ್ಯಾಕೆ ಬರಲಿ, ನೀನು ಹೋಗಿ ಹೊಟ್ಟೆ ತುಂಬ ಕಿರುಚಾಡ್ಕೊಂಡು ಬಾ, ಆಮೇಲೆ ನನ್ನ ಆಸ್ಪತ್ರೆಗೆ ಬಿಡು, ಡಾಕ್ಟ್ರು ಕಾಯ್ತಿರ್ತಾರೆ ಅಂದಳು, ನೀಲಿ ತಲೆವಸ್ತ್ರದ ಗಂಟು ಬಿಗಿ ಮಾಡಿಕೊಂಡಳು, ಯಾವಾಗಲೂ ಆ ನೀಲಿ ವಸ್ತ್ರ, ಇಲ್ಲವೇ ಹಳದಿಯದು, ಮಲಗುವಾಗಲೂ, ಊಟ ಮಾಡುವಾಗಲೂ, ನನ್ನ ಮುಂದೆಯೂ — ನನ್ನ ಮುಂದೆಯೂ ತೆಗೆದವಳಲ್ಲ, ಮದ್ದು ಶುರುವಾಗಿ ಕೂದಲು ದಿಂಬಿನ ಮೇಲೆ ಉದುರತೊಡಗಿದ ದಿನ ಬಚ್ಚಲುಮನೆಯ ಬಾಗಿಲು ಹಾಕಿಕೊಂಡಳು, ಹೊರಗೆ ಬಂದಾಗ ತಲೆಗೆ ವಸ್ತ್ರ, ಬಾಯಲ್ಲಿ ನಗೆ, ಶಾಂಪೂ ಖರ್ಚು ಉಳೀತು ನೋಡೆ ಸೆಟಾ.

ನನ್ನ ತಲೆಯನ್ನು ಬಾಚುತ್ತಿದ್ದವಳೇ ಅವಳು, ಅಮ್ಮನಿಗೆ ರಾತ್ರಿ ಪಾಳಿ, ಶನಿವಾರ ಸಂಜೆ ಒಲೆಯ ಮೇಲೆ ಗುಂಗುರು ಕೂದಲನ್ನು ನೇರ ಮಾಡುವ ಕಬ್ಬಿಣದ ಬಾಚಣಿಗೆ ಕಾಯುತ್ತಿತ್ತು, ಅಕ್ಕ ಲುವೀನಿಯಾ ನನ್ನನ್ನು ಎರಡು ಮಂಡಿಗಳ ನಡುವೆ ಒತ್ತಿ ಹಿಡಿದು ಕೂರಿಸಿಕೊಂಡು, ಅಲ್ಲಾಡಬೇಡ, ಕಿವಿ ಸುಟ್ಟರೆ ನನ್ನ ಕೇಳಬೇಡ, ಎಣ್ಣೆ ಚುರ್ರ್ ಎನ್ನುತ್ತಿತ್ತು, ಭಾನುವಾರ ಬೆಳಿಗ್ಗೆ ಹೊತ್ತಿಗೆ ಇಬ್ಬರ ಕೂದಲೂ ಮಿರಮಿರ, ಅಂಥವಳಿಗೆ ನಾನು ಕೊಡಬೇಕೆಂದುಕೊಂಡದ್ದು ಇಷ್ಟೇ, ಹಬ್ಬದ ದಿನ ಹಾಡುವಾಗ ತಲೆಯ ಮೇಲೆ ಏನಾದರೂ ಇರಲಿ, ಅಷ್ಟೇ, ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಕಣ್ಣು ಉರಿ ಬಂತು, ಕೊನೆಗೆ ದಕ್ಷಿಣದ ಜಾರ್ಜಿಯಾ ರಾಜ್ಯದ ಈ ಅಂಗಡಿ, ಅಪ್ಪಟ ಮನುಷ್ಯರ ಕೂದಲು, ಕಂದು ಬಣ್ಣ, ಹೆಗಲವರೆಗೆ, ಚಿತ್ರದಲ್ಲಿ ಎಷ್ಟು ಚೆನ್ನಾಗಿತ್ತು, ನಾನೂರ ಅರವತ್ತು ಡಾಲರು, ಕೊಟ್ಟೆ, ಯಾಕೆ ಕೊಡಬಾರದು, ನನ್ನ ಅಕ್ಕ. ಬಂದದ್ದು ಇದು. ಪೆಟ್ಟಿಗೆ ಬಂದದ್ದೇ ಹಬ್ಬದ ಹಿಂದಿನ ದಿನ, ಬದಲಾಯಿಸುವುದಕ್ಕೆ ಸಮಯವೆಲ್ಲಿ, ನಾನು ಮೂಸಿ ನೋಡಿ ಮುಖ ಸಿಂಡರಿಸಿದೆ, ಅವಳು ಪರವಾಗಿಲ್ಲ ಬಿಡು, ದೇವರು ಮೂಸಿ ನೋಡಲ್ಲ ಅಂದಳು, ಹಾಕಿಕೊಂಡು ಹೋದಳು, ಚರ್ಚಿನಲ್ಲಿ ಕಾಲಿಡಲು ಜಾಗವಿಲ್ಲ, ಲಿಲ್ಲಿ ಹೂಗಳು, ದೀಪಗಳು, ಗಾಯಕರ ಸಾಲಿನ ಮುಂದೆ ಅಕ್ಕ ಒಬ್ಬಳೇ, ನಾಲ್ಕು ತಿಂಗಳ ಮೇಲೆ ಮೊದಲ ಸಲ, ಎಲ್ಲರ ಕಣ್ಣಲ್ಲೂ ನೀರು, ಹಾಡು ಏರುತ್ತ ಏರುತ್ತ ಹೋದಾಗ ಅವಳು ಎರಡೂ ತೋಳು ಎತ್ತಿದಳು, ಯಾವಾಗಲೂ ಎತ್ತುತ್ತಾಳೆ, ಆ ಜಾಗದಲ್ಲಿ ತೋಳು ಎತ್ತದೆ ಅವಳಿಗೆ ಹಾಡಲು ಬರುವುದಿಲ್ಲ — ಆಗ ಜಾರಿತು, ಜಾರಿ ಹುಬ್ಬಿನ ಮೇಲೆ ಕೂತಿತು, ಒಂದು ಕಣ್ಣು ಮುಚ್ಚಿತು, ಮುಂದಿನ ಬೆಂಚಿನಲ್ಲಿ ಒಂದು ಮಗು ಕಿಲಕಿಲ ನಕ್ಕಿತು, ಮಗು, ಅದಕ್ಕೇನು ಗೊತ್ತು, ಅದರ ತಾಯಿ ಬಾಯಿ ಮುಚ್ಚಿಸುವಷ್ಟರಲ್ಲಿ ಇನ್ನಿಬ್ಬರು ನಕ್ಕರು. ಅಕ್ಕ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಹಾಡು ಮುಗಿಸಿದಳು. ಒಂದು ಸ್ವರವನ್ನೂ ಬಿಡಲಿಲ್ಲ. ಆಮೇಲೆ ನೆಲಮಾಳಿಗೆಗೆ ಇಳಿದು ಗಾಯಕರ ನಿಲುವಂಗಿಯನ್ನು ಕಳಚಿ ಗೂಟಕ್ಕೆ ಹಾಕಿ ಮನೆಗೆ ಬಂದವಳು ಇವತ್ತಿನವರೆಗೆ ಚರ್ಚಿನ ಮೆಟ್ಟಿಲು ಹತ್ತಿಲ್ಲ, ಪಾದ್ರಿಗಳು ಪೀಚ್ ಹಣ್ಣಿನ ಕಡುಬು ಹೊತ್ತುಕೊಂಡು ಬಂದು ಕೇಳಿದರು, ಸೋದರಿ ಲುವೀನಿಯಾ, ನೀವಿಲ್ಲದೆ ನಮ್ಮ ಹಾಡು ಸಪ್ಪೆ ಆಗಿದೆ, ಕಡುಬು ತಿಂದಳು, ಖಾಲಿ ತಟ್ಟೆ ವಾಪಸು ಕೊಟ್ಟಳು, ಮನೆಯಲ್ಲೂ ಹಾಡುವುದಿಲ್ಲ, ಪಾತ್ರೆ ತೊಳೆಯುವಾಗ ಗುನುಗುವುದೂ ಇಲ್ಲ, ಅದಕ್ಕೆ ಯಾವ ಕೋರ್ಟಿನಲ್ಲಿ ದಾವೆ ಹಾಕಬೇಕು, ಹೇಳಲಿ ಯಾರಾದರೂ. ನಾನು ಅಂಗಡಿಗೆ ಬರೆದೆ, ಪ್ರಿಯ ಗ್ರಾಹಕರೇ, ನಿಮ್ಮ ಸೌಂದರ್ಯವೇ ನಮ್ಮ ಸಂತೋಷ, ನಿಮ್ಮ ಸಂದೇಶ ತಲುಪಿದೆ, ಮತ್ತೆ ಬರೆದೆ, ಪ್ರಿಯ ಗ್ರಾಹಕರೇ, ಅಕ್ಕನಿಗೆ ಕ್ಯಾನ್ಸರ್ ಎಂದು ಬರೆದೆ, ಪ್ರಿಯ ಗ್ರಾಹಕರೇ, ನಿಮ್ಮ ಸೌಂದರ್ಯವೇ — ಆವತ್ತು ಕಂಪ್ಯೂಟರನ್ನು ಎತ್ತಿ ಒಗೆಯಬೇಕೆನಿಸಿತು, ಒಗೆಯಲಿಲ್ಲ, ಅವರ ಅಂಗಡಿಯ ಪುಟದಲ್ಲೇ ನನ್ನ ಅಭಿಪ್ರಾಯ ಬರೆದು ಹಾಕಿದೆ, ಕಳ್ಳರು, ಕಾಯಿಲೆಯವರ ತಲೆ ಬೋಳಿಸುವವರು, ಇನ್ನೂ ಏನೇನೋ, ಅದನ್ನು ಓದಿ ಅಕ್ಕ, ಬೋಳಿಸೋಕೆ ಅಲ್ಲೇನೂ ಉಳಿದಿರ್ಲಿಲ್ಲವಲ್ಲೇ ಅಂದಳು. ಆಮೇಲೆ ಇಲ್ಲಿಗೆ ಬಂದೆ, ಈ ಸಣ್ಣ ದಾವೆಗಳ ಕೋರ್ಟಿಗೆ, ಕಿಟಕಿಯ ಹಿಂದಿದ್ದ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, ಅಂಗಡಿಯೋರು ಬೇರೆ ರಾಜ್ಯದೋರಾ, ಗೆಲ್ಲಬಹುದಮ್ಮಾ, ಗೆದ್ದ ಮೇಲೆ ದುಡ್ಡು ಕೈಗೆ ಬರೋದು ಬೇರೆ ಕಥೆ, ಇಷ್ಟಕ್ಕೆಲ್ಲ ಯಾಕೆ ಒದ್ದಾಡ್ತೀರಿ — ಇಷ್ಟಕ್ಕೆಲ್ಲ! ನಿನ್ನ ಅಕ್ಕ ಒಂದು ಕೈಯಲ್ಲಿ ತಲೆ ಹಿಡಿದುಕೊಂಡು ಹಾಡಿದ್ದಳೇನಯ್ಯಾ, ಅಂತ ಕೇಳಿಯೇಬಿಟ್ಟೆ, ಅವನಿಗೆ ಅರ್ಥವಾಗಲಿಲ್ಲ, ಮುದ್ರೆ ಒತ್ತಿದ. ನೋಟಿಸು ಮೊದಲ ಸಲ ಹಾಗೇ ವಾಪಸು ಬಂತು, ತೆಗೆದುಕೊಳ್ಳಲಿಲ್ಲವಂತೆ ಅವರು, ಎರಡನೆಯ ಸಲ ತಲುಪಿತು.

ರೋಸೆಟಾ ಗೇನ್ಸ್, ಕೂಗುತ್ತಿದ್ದಾರೆ, ನನ್ನ ಹೆಸರೇ, ಏಳು, ಪೆಟ್ಟಿಗೆ ಬೀಳಿಸಬೇಡ — ನ್ಯಾಯಾಧೀಶೆ ಬಿಳಿಯ ಹೆಂಗಸು, ಕೊವಾಲ್ಸ್ಕಿ ಎಂದು ಹೆಸರಿನ ಹಲಗೆ, ದಣಿದ ಮುಖ, ಗೋಡೆಯ ಮೇಲಿನ ಪರದೆಯಲ್ಲಿ ಜಾರ್ಜಿಯಾ, ಅಂದರೆ ಒಂದು ಹುಡುಗಿ, ಇಷ್ಟು ದಿನ ನಾನು ಬೈದದ್ದು ಯಾರೋ ಹೊಟ್ಟೆ ಬಂದ ಗಂಡಸನ್ನು, ಚಿನ್ನದ ಹಲ್ಲಿನವನನ್ನು, ನೋಡಿದರೆ ನಮ್ಮವಳೇ, ಕಪ್ಪು ಹುಡುಗಿ, ಮೂವತ್ತೂ ಆಗಿರಲಿಕ್ಕಿಲ್ಲ, ಹೆಸರು ಜನೇಯಾ ಅಂತೆ, ಹಿಂದೆ ಗೋಡೆಯ ಉದ್ದಕ್ಕೂ ಬಿಳಿಯ ರಟ್ಟಿನ ತಲೆಗಳು, ಕಣ್ಣಿಲ್ಲ ಮೂಗಿಲ್ಲ, ಅವುಗಳ ಮೇಲೆ ಬಗೆಬಗೆಯ ಕೂದಲು, ಅವಳದೋ, ಸೊಂಟದವರೆಗೆ ಅಲೆಅಲೆ, ನೋಡಿದ್ದೇ ನನ್ನ ಸಿಟ್ಟು ದುಪ್ಪಟ್ಟಾಯಿತು, ಬಿಳಿಯರಾಗಿದ್ದರೆ ಗೊತ್ತಿಲ್ಲ ಎನ್ನಬಹುದಿತ್ತು, ಭಾನುವಾರ ಚರ್ಚಿನಲ್ಲಿ ತಲೆ ಎಂದರೆ ಏನು ಎಂದು ನಿನಗೆ ಗೊತ್ತಿಲ್ಲವೇನೇ, ನಿನ್ನ ತಲೆಯನ್ನೂ ಯಾವುದೋ ಅಕ್ಕ ಒಲೆಯ ಪಕ್ಕ ಕೂರಿಸಿಕೊಂಡು ಬಾಚಿರುತ್ತಾಳಲ್ಲ. ಹೇಳಿ ಮಿಸೆಸ್ ಗೇನ್ಸ್. ಹೇಳಿದೆ. ಏನು ಹೇಳಿದೆನೋ, ಹಬ್ಬದಿಂದ ಶುರು ಮಾಡಿ ಪೆಟ್ಟಿಗೆಗೆ ಬಂದೆನೋ, ಪೆಟ್ಟಿಗೆಯಿಂದ ಹಬ್ಬಕ್ಕೆ ಹೋದೆನೋ, ಧ್ವನಿ ಏರಿತು, ನಿಧಾನ ಅಮ್ಮಾ, ನನ್ನ ಕಿವಿ ಚೆನ್ನಾಗೇ ಇದೆ ಅಂದರು ನ್ಯಾಯಾಧೀಶೆ, ವಿಗ್ಗನ್ನು ಕೈಗೆ ತೆಗೆದುಕೊಂಡರು, ಮೂಗಿನ ಹತ್ತಿರ ತಂದರು, ತಕ್ಷಣ ದೂರ ಇಟ್ಟರು, ಕನ್ನಡಕ ಒರೆಸಿಕೊಂಡರು. ನಿಮ್ಮದೇನಮ್ಮಾ? ಆ ಬಣ್ಣದ್ದು ಖಾಲಿ ಆಗಿತ್ತು ಮೇಡಂ, ಅದರಂಥದ್ದೇ ಇನ್ನೊಂದನ್ನ ಕಳಿಸಿದ್ವಿ, ಹಂಗೆ ಕಳಿಸ್ಬೋದು ಅಂತ ನಮ್ಮ ನಿಯಮದಲ್ಲಿದೆ, ಒಂದ್ಸಲ ತಲೆಗೆ ಹಾಕಿದ್ದನ್ನ ವಾಪಸ್ ತಗೊಳಲ್ಲ, ಶುಚಿತ್ವದ ಪ್ರಶ್ನೆ. ಶುಚಿತ್ವ! ನನ್ನ ಅಕ್ಕನ ತಲೆ ಕೊಳಕೇನೇ? ಕೂತ್ಕೊಳ್ಳಿ ಮಿಸೆಸ್ ಗೇನ್ಸ್. ಕೂರಲಿಲ್ಲ. ನ್ಯಾಯಾಧೀಶೆ ಪರದೆಯ ಕಡೆ ತಿರುಗಿದರು, ನೋಡಿ ಅಮ್ಮಾ, ಇವರು ಕೇಳಿದ್ದು ಮನುಷ್ಯರ ಕೂದಲು, ನೀವು ಕಳಿಸಿದ್ದು ಪ್ಲಾಸ್ಟಿಕ್ಕು, ಅದರಂಥದ್ದೇ ಅಂದ್ರೆ ಹೇಗೆ? ಹುಡುಗಿ ಸೊಂಟದವರೆಗಿನ ಕೂದಲನ್ನು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹಾಕಿಕೊಂಡಳು, ನಾನು ಹೊಸಬಳು ಮೇಡಂ, ಅಂಗಡಿ ಶುರು ಮಾಡಿ ವರ್ಷವಾಗಿಲ್ಲ, ಸಪ್ಲೈ ಮಾಡೋರು ನನಗೂ ಮೋಸ ಮಾಡಿದ್ರು ಅಂದಳು, ಮಾಡಿರಲಿ, ಅವರ ಮೇಲೆ ನೀನು ದಾವೆ ಹಾಕು, ನನ್ನ ಸಿಟ್ಟನ್ನು ಹಂಚಿಕೊಳ್ಳಲು ಬರಬೇಡ, ಅದು ಪೂರ್ತಿ ನನಗೇ ಬೇಕು. ಪೂರ್ತಿ ಹಣ, ಕೋರ್ಟಿನ ಶುಲ್ಕ, ಎರಡನ್ನೂ ವಾಪಸ್ ಕೊಡಬೇಕು, ಇದು ನನ್ನ ಆದೇಶ, ನ್ಯಾಯಾಧೀಶೆ ಹೇಳಿದರು, ಗೆದ್ದೆ, ಹಾಗಾದರೆ ಗೆದ್ದೆನಲ್ಲ, ಆದರೆ ಅವರು ಇನ್ನೂ ಮಾತು ಮುಗಿಸಿರಲಿಲ್ಲ, ಇದನ್ನೂ ಕೇಳ್ಕೊಳ್ಳಿ ಮಿಸೆಸ್ ಗೇನ್ಸ್, ಅವರು ಕೊಡದಿದ್ರೆ ಈ ಆದೇಶ ಹಿಡ್ಕೊಂಡು ನೀವು ಜಾರ್ಜಿಯಾದ ಕೋರ್ಟಿಗೇ ಹೋಗ್ಬೇಕಾಗುತ್ತೆ, ನಾನಿಲ್ಲಿಂದ ಅವರ ಕೈ ಹಿಡಿದು ಕೊಡಿಸೋಕಾಗಲ್ಲ. ಆಗ ಪರದೆಯ ಮೇಲಿನ ಹುಡುಗಿ ತಲೆ ಎತ್ತಿದಳು, ಒಂದು ಮಾತು ಮೇಡಂ, ಇವತ್ತೇ ದುಡ್ಡು ಹಾಕ್ತೀನಿ, ಈಗಲೇ, ಆಂಟಿ ನಮ್ಮ ಪುಟದಲ್ಲಿ ಬರೆದಿರೋದನ್ನ ಅಳಿಸ್ಲಿ, ಅದನ್ನ ಓದಿ ಯಾರೂ ಕೊಳ್ತಿಲ್ಲ. ಆಂಟಿಯಂತೆ. ಅಳಿಸಬೇಕಂತೆ. ನನ್ನ ಹತ್ತಿರ ಇರುವುದು ಅದೊಂದೇ, ಒಂದೇ ಒಂದು ಕಲ್ಲು, ಅದನ್ನೂ ಕೆಳಗಿಡು ಅನ್ನುತ್ತಾಳೆ, ದುಡ್ಡು ಬೇಕು, ನಿಜ, ಆಸ್ಪತ್ರೆಯ ಬಿಲ್ಲುಗಳು ಅಡುಗೆಮನೆಯ ಮೇಜಿನ ಮೇಲೆ ಹಾಗೇ ಬಿದ್ದಿವೆ, ನಿಜ, ಆದರೆ ಅಳಿಸಿದರೆ ಆ ಮಗು ನಕ್ಕದ್ದೂ ಇಲ್ಲ, ಅಕ್ಕ ತೋಳು ಎತ್ತಿದ್ದೂ ಇಲ್ಲ, ಏನೂ ಆಗಲೇ ಇಲ್ಲ ಎಂದ ಹಾಗೆ, ಇಲ್ಲ ಎಂದು ಕಿರುಚಲು ಬಾಯಿ ತೆರೆದೆ, ಬಾಯಿ ತೆರೆದೇ ಇದೆ —

ಹಿಂದೆ ಬಾಗಿಲು ಕಿರ್ರ್ ಎಂದಿತು, ಯಾರೋ ಬಂದರು, ಪೊಲೀಸಿನವನು, ಅಮ್ಮಾ ವಿಚಾರಣೆ ನಡೀತಿದೆ, ನಡೀಲಪ್ಪಾ, ಕಾರಲ್ಲಿ ಕೂತ್ರೆ ನಾನು ಒಲೆ ಮೇಲೆ ಹುರಿದ ಬೇಕನ್ ಆಗ್ತೀನಿ, ಸ್ವಲ್ಪ ಜರುಗು, ಆ ಧ್ವನಿ, ನಾನು ತಿರುಗಲಿಲ್ಲ, ನ್ಯಾಯಾಧೀಶೆಯ ಕಣ್ಣು ನನ್ನ ಭುಜದ ಮೇಲಿಂದ ಹಿಂದಕ್ಕೆ ಹೋಯಿತು, ನೀವ್ಯಾರಮ್ಮಾ? ಇವರೆಲ್ಲ ಇಷ್ಟು ಹೊತ್ತು ಯಾರ ತಲೆ ವಿಚಾರ ಮಾತಾಡ್ತಿದಾರೋ, ಆ ತಲೆ ನಾನೇ ತಾಯಿ, ಖುದ್ದಾಗಿ ಬಂದಿದೀನಿ. ಕೋರ್ಟು ನಕ್ಕಿತು, ಎಲ್ಲರೂ, ಬೆಂಚುಗಳ ಉದ್ದಕ್ಕೂ, ನ್ಯಾಯಾಧೀಶೆಯೂ ಬಾಯಿಗೆ ಕೈ ಅಡ್ಡ ಹಿಡಿದರು, ನಾನು ಮಾತ್ರ ನಗಲಿಲ್ಲ, ತಿರುಗಿ ಯಾರು ಯಾರು ನಕ್ಕರು ನೋಡಿ ಒಬ್ಬೊಬ್ಬರನ್ನೂ — ತಿರುಗಿದೆ. ನೀಲಿ ವಸ್ತ್ರ ಅವಳ ಕೈಯಲ್ಲಿತ್ತು. ಕೈಯಲ್ಲಿ, ಬೆವರು ಒರೆಸಿ ಮುದುಡಿದ್ದು. ತಲೆಯ ಮೇಲೆ ಏನೂ ಇರಲಿಲ್ಲ — ಅಲ್ಲ, ಇತ್ತು. ಪರದೆಯ ಮೇಲಿನ ಹುಡುಗಿ ಏನೋ ಹೇಳುತ್ತಿದ್ದಾಳೆ, ಕಾಯಿಲೆ ವಿಷಯ ನಮಗೆ ಗೊತ್ತಿರ್ಲಿಲ್ಲ ಮೇಡಂ ಅಂತ, ಗೊತ್ತಿತ್ತು ನಿನಗೆ, ಕ್ಯಾನ್ಸರ್ ಎಂದೇ ಬರೆದಿದ್ದೇನೆ, ಅಕ್ಕ ಪರದೆಯ ಕಡೆ ನೋಡಿ, ನಿನ್ನ ಕೂದಲು ಚೆನ್ನಾಗಿದೆ ಮಗಳೇ, ನಿಂದೇನಾ, ಹುಡುಗಿ ಬಗ್ಗಿದ ತಲೆ ಎತ್ತದೆ ಅಲ್ಲ ಆಂಟಿ ಅಂದಳು, ಗೊತ್ತಾಯ್ತು ಬಿಡು, ಬಾಗಿಲಾಚೆಗೇ ಎಲ್ಲ ಕೇಳಿಸ್ತು, ನಮ್ಮವಳು ಬರೆದಿರೋದು ಇರ್ಲಿ, ಅದರಲ್ಲಿ ಎರಡು ಅಕ್ಷರ ತಪ್ಪಿದೆ, ಅದನ್ನ ತಿದ್ದಿಸ್ತೀನಿ, ದುಡ್ಡು ಕಳ್ಸು, ಆಮೇಲೆ ಕಳ್ಸಿದೀಯ ಅಂತ ಅದರ ಕೆಳಗೇ ಬರೆಸ್ತೀನಿ, ಅಷ್ಟಕ್ಕೆ ಒಪ್ಕೊ. ಹೂಂ ಆಂಟಿ, ಈ ವಾರ ಕಳಿಸ್ತೀನಿ. ಕಳಿಸುತ್ತಾಳೋ ಇಲ್ಲವೋ, ಸುಳ್ಳೋ ನಿಜವೋ, ಕಳಿಸದಿದ್ದರೆ ಮತ್ತೆ ಬನ್ನಿ, ಜಾರ್ಜಿಯಾಕ್ಕೆ ಬೇಕಾದ ಕಾಗದ ಮಾಡಿಕೊಡ್ತೀವಿ ಎನ್ನುತ್ತಿದ್ದಾರೆ ನ್ಯಾಯಾಧೀಶೆ, ನನಗೆ ಹೇಳುತ್ತಿದ್ದಾರೆ, ಮಿಸೆಸ್ ಗೇನ್ಸ್, ಕೇಳಿಸ್ತಾ, ಕೇಳಿಸುತ್ತಿದೆ, ಉತ್ತರ ಕೊಡಬೇಕು, ಯಾರೋ ಕಾಗದ ಮುಂದಿಟ್ಟು ಕೈಗೆ ಪೆನ್ನು ಕೊಟ್ಟಿದ್ದಾರೆ, ಸಹಿ ಹಾಕಬೇಕು, ಒಟ್ಟು ಮಾಡಿಕೊಂಡು ಬಂದ ಬೈಗುಳಗಳು ಇನ್ನೂ ಎಷ್ಟೊಂದು ಬಾಕಿ ಇವೆ, ಎಲ್ಲಿ ಹೋದವು — ಕೂದಲು. ಅಕ್ಕನ ತಲೆಯ ಮೇಲೆ ಕೂದಲು. ಬೋಳು ಎಂದುಕೊಂಡೇ ಇದ್ದೆ, ಇಷ್ಟು ದಿನ ಬೋಳು ತಲೆಯ ಪರವಾಗಿಯೇ ಕಾದಾಡಿದೆ, ಮದ್ದು ನಿಂತು ಎರಡು ತಿಂಗಳಾಯಿತು, ನನಗೆ ಹೊಳೆಯಲೇ ಇಲ್ಲ, ಅವಳೂ ಹೇಳಲಿಲ್ಲ, ಯಾಕೆ ಹೇಳಲಿಲ್ಲ, ಯಾವಾಗ ಹೇಳಬೇಕಿತ್ತು, ನಾನು ಕೂತು ಕೇಳಿದ್ದಾದರೂ ಯಾವಾಗ, ಕಪ್ಪು ಅಲ್ಲ, ಕಂದು ಅಲ್ಲ, ಬಿಳಿ, ಒತ್ತೊತ್ತಾಗಿ ಬಿಳಿ, ಒಂದು ಬೆರಳು ಮುಳುಗುವಷ್ಟೂ ಇಲ್ಲ, ಕಪ್ಪು ಚರ್ಮದ ಮೇಲೆ ಹಿಮ ಕೂತ ಹಾಗೆ, ನಡುನಡುವೆ ಬೆವರ ಹನಿ ಮಿನುಗುತ್ತಿದೆ, ಏನೇ ಸೆಟಾ, ಹಂಗ್ಯಾಕೆ ಬಾಯಿ ಬಿಟ್ಕೊಂಡು ನಿಂತೆ, ನಡಿ, ಡಾಕ್ಟ್ರು ಕಾಯ್ತಿರ್ತಾರೆ, ಎನ್ನುತ್ತಾ ಬಗ್ಗಿ ನನ್ನ ಕೈಯಲ್ಲಿದ್ದ ಪೆನ್ನನ್ನು ತಾನೇ ತೆಗೆದುಕೊಳ್ಳುತ್ತಿದ್ದಾಳೆ, ತಲೆ ನನ್ನ ಮುಖದ ಹತ್ತಿರ, ತೀರ ಹತ್ತಿರ, ನೆತ್ತಿಯ ಸುಳಿ ಕಾಣುತ್ತಿದೆ, ಸುಳಿಯ ಸುತ್ತ ಬಿಳಿ ಎಳೆಗಳು ಒಂದೇ ಕಡೆಗೆ ತಿರುಗಿ ಮಲಗಿವೆ, ಬಿಳಿ, ಮೆತ್ತಗೆ, ಅವಳದೇ —