ಎಂಜಿನ್ ಸದ್ದಿಗೆ ಓಡಿ ಬಂದವರು

ನನ್ನ ಭಾವ ವಿಮಾನ ಹಾರಿಸಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ. ಕಾಗೆ ಹಾರಿಸುವುದನ್ನು ಮಾತ್ರ ಎಲ್ಲರೂ ಕಂಡಿದ್ದೇವೆ. ಆದರೂ ಅಪ್ಪನಿಗೆ ಅಳಿಯ ಎಂದರೆ ದೇವರು. ಪೈಲಟ್ ಆಗುತ್ತೇನೆಂದು ನಾನು ಹಟ ಹಿಡಿದಾಗ ಅಪ್ಪ ಒಂದೇ ಮಾತು ಹೇಳಿಬಿಟ್ಟರು: ಭಾವ ಮುಖ್ಯ ತರಬೇತುದಾರನಾಗಿರುವ ಶಾಲೆಯಾದರೆ ಸೇರು, ಇಲ್ಲವಾದರೆ ಈ ಹುಚ್ಚು ಬಿಡು.

ಅಷ್ಟರಲ್ಲಿ ನಾನು ಬೇರೊಂದು ಶಾಲೆ ನೋಡಿ ಬಂದಿದ್ದೆ. ಅಲ್ಲಿ ಗೋಡೆಗೆ ಬಣ್ಣವಿರಲಿಲ್ಲ, ಮಾತಾಡಿಸುವವರೂ ಇರಲಿಲ್ಲ. ಎಲ್ಲರೂ ರನ್‌ವೇ ಕಡೆ ಓಡುತ್ತಿದ್ದರು. ಅಲ್ಲಿನ ತರಬೇತುದಾರ್ತಿ ನನ್ನ ಮುಖವನ್ನೂ ನೋಡದೆ, "ಹಾರೋ ಹೊತ್ತಲ್ಲಿ ಬಂದು ತಲೆ ತಿನ್ನಬೇಡ, ಸಂಜೆ ಬಾ" ಎಂದು ಗದರಿದ್ದಳು. ನನಗೆ ಆ ಜಾಗ ಹಿಡಿಸಿಬಿಟ್ಟಿತು. ಆದರೆ ಮನೆಯಲ್ಲಿ ಬಾಯಿ ಬಿಟ್ಟರೆ, ಭಾವನ ಮೇಲೆ ನಿನಗೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಹೊಟ್ಟೆಕಿಚ್ಚಲ್ಲ. ಆ ಮನುಷ್ಯನನ್ನು ಕಂಡರೆ ನನಗಾಗುವುದಿಲ್ಲ, ಅಷ್ಟೇ.

ಅಕ್ಕನೇ ಕಾರು ಓಡಿಸಿಕೊಂಡು ನನ್ನನ್ನು ಭಾವನ ಶಾಲೆಗೆ ಕರೆದುಕೊಂಡು ಹೋದಳು. ದಾರಿಯಲ್ಲಿ ಅವನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

"ಮೇಲಿದ್ದಾರೆ ಅನ್ಸುತ್ತೆ" ಎಂದಳು. ಮದುವೆಯಾದಾಗಿನಿಂದ ಅವಳದು ಇದೇ ಮಾತು. ಅವನು ಫೋನ್ ಎತ್ತದಿದ್ದರೆ ಆಕಾಶದಲ್ಲಿದ್ದಾನೆ ಎಂದೇ ಲೆಕ್ಕ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕು, ತಾನೇ ಹಾರುತ್ತಿರುವ ಹಾಗೆ ಅರಳುತ್ತದೆ.

ನಾವು ಹೋದಾಗ ಅವನು ಬಾಗಿಲಲ್ಲೇ ಇದ್ದ, ಹಣೆಯ ಬೆವರು ಒರೆಸುತ್ತ.

"ಏನು ಗಗನಸಖಿ, ಕೊನೆಗೂ ನಮ್ಮ ಹತ್ರಾನೇ ಬರಬೇಕಾಯ್ತಲ್ಲ?"

ಮೈ ಉರಿಯಿತು. ಅಕ್ಕನ ಮುಖ ನೋಡಿ ನುಂಗಿಕೊಂಡೆ.

ಗಾಜಿನ ಬಾಗಿಲು, ಕನ್ನಡಿಯಂಥ ನೆಲ. ಕಾಕ್‌ಪಿಟ್ ತಾಲೀಮಿನ ಕೋಣೆಯಲ್ಲಿ ಹೆಡ್‌ಸೆಟ್‌ಗಳು ಇನ್ನೂ ಪ್ಲಾಸ್ಟಿಕ್ ಚೀಲದೊಳಗೇ ಇದ್ದವು. ಅದರ ಪಕ್ಕದ ಹಾಲ್‌ನಲ್ಲಿ ಟೇಬಲ್ ಟೆನಿಸ್. ಬಿಳಿ ಸಮವಸ್ತ್ರದ ವಿದ್ಯಾರ್ಥಿಗಳೆಲ್ಲ ಅಲ್ಲೇ ನೆರೆದಿದ್ದರು. ಕಾಲೇಜಿನಲ್ಲಿ ನಾನೂ ತಂಡಕ್ಕೆ ಆಡಿದವಳು. ಒಬ್ಬ ಉದ್ದನೆಯ ಹುಡುಗನೆದುರು ಬ್ಯಾಟ್ ಹಿಡಿದೆ. ಅವನು ನನಗೆ ನೀರು ಕುಡಿಸಿಬಿಟ್ಟ. ನನಗೆ ಚೆಂಡೇ ಕಾಣಿಸಲಿಲ್ಲ. ಬ್ಯಾಟ್ ತಿರುಗಿಸಿ ನೋಡಿದೆ. ರಬ್ಬರ್ ಸವೆದು ಮರ ಕಾಣುತ್ತಿತ್ತು.

"ಚೆನ್ನಾಗಿ ಆಡ್ತೀಯ. ಎಷ್ಟನೇ ವರ್ಷ?"

"ಎರಡನೇದು."

"ಹಾರಿದ್ದು?"

ಅವನು ಭಾವನ ಕಡೆ ನೋಡಿದ. "ಶುರುವಾಗುತ್ತೆ ಅಂದಿದ್ದಾರೆ" ಎಂದ.

"ಹವಾಮಾನ ಸರಿಯಿರಲಿಲ್ಲ" ಎಂದು ಭಾವ ನಡುವೆ ಬಾಯಿ ಹಾಕಿದ.

ಕಿಟಕಿಯಾಚೆ ಒಂದು ತುಣುಕು ಮೋಡವೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. "ಇವತ್ತು ಸರಿಯಿದೆಯಲ್ಲ ಭಾವ. ನನ್ನನ್ನ ಒಂದು ಸುತ್ತು ಹಾರಿಸಿ. ಇಳಿದ ತಕ್ಷಣ ಸೇರ್ಕೋತೀನಿ."

"ಅದೇನು ಆಟೋನಾ, ಕೈ ಅಡ್ಡ ಹಾಕಿದ ಕೂಡಲೇ ಹೊರಡೋಕೆ?"

"ಆಟೋ ಆಗಿದ್ರೆ ಸ್ಟಾರ್ಟ್ ಆದ್ರೂ ಆಗ್ತಿತ್ತು."

"ಬಾಯಿ ಮುಚ್ಚೆ" ಎಂದು ಅಕ್ಕ ನನ್ನ ಮೇಲೆ ಹರಿಹಾಯ್ದಳು. ಆಮೇಲೆ ಗಂಡನತ್ತ ತಿರುಗಿದಳು. "ರೀ, ಇವಳ ಕೊಬ್ಬು ಇಳಿಸೋಕಾದ್ರೂ ಒಂದ್ಸಲ ಹಾರಿಸಿ ತೋರಿಸ್ರೀ."

ನಾನು ಕೇಳಿದ್ದಕ್ಕೆ ಅವನು ನೂರು ನೆಪ ಹೇಳಬಹುದಿತ್ತು. ಅಕ್ಕನ ನಂಬಿಕೆಯೆದುರು ಒಂದೂ ಹೊರಡಲಿಲ್ಲ.

ಶೆಡ್ಡಿನಲ್ಲಿ ಮೂರು ವಿಮಾನಗಳಿದ್ದವು. ಮುಂದಿನದನ್ನು ತಳ್ಳಿಸಿ ಹೊರಗೆ ತಂದ. ನಿಂತು ನಿಂತು ಅದರ ಟೈರು ಅಡಿಯಲ್ಲಿ ಚಪ್ಪಟೆಯಾಗಿತ್ತು. ನನ್ನನ್ನು ಕೆಳಗೇ ನಿಲ್ಲಿಸಿ, "ಮೊದಲು ಎಂಜಿನ್ ನೋಡ್ತೀನಿ" ಎಂದು ಹತ್ತಿ ಕೂತ. ಕೀ ತಿರುಗಿಸಿದ. ವಿಮಾನದ ಮೂತಿಯ ಫ್ಯಾನು ಅರ್ಧ ಸುತ್ತು ತಿರುಗಿ, ಕೆಮ್ಮಿ, ನಿಂತಿತು.

ಆಗ ಹಿಂದಿನಿಂದ ದಬದಬ ಕಾಲಿನ ಸದ್ದು. ಇಡೀ ಹಾಲ್ ಓಡಿ ಬಂದಿತ್ತು, ಕೈಯಲ್ಲಿ ಬ್ಯಾಟ್ ಹಿಡಿದೇ. ಕೆಲವರು ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಿದ್ದರು.

"ಸ್ಟಾರ್ಟ್ ಮಾಡ್ತಿದ್ದಾರೆ ಕಣೋ, ನಿಜವಾಗ್ಲೂ."

ಅಕ್ಕ ತಿರುಗಿ ಆ ಮುಖಗಳನ್ನು ನೋಡಿದಳು. ಪೈಲಟ್ ಆಗಬೇಕಾದವರು, ವಿಮಾನದ ಸದ್ದು ಕೇಳಿ ಬೆರಗಾಗಿ ನಿಂತಿದ್ದರು. ಭಾವ ಮತ್ತೆ ಕೀ ತಿರುಗಿಸಿದ. ಈ ಸಲ ಬರೀ ಟಕ್ ಎಂದಿತು.

"ಆಗಲ್ಲ ಅಂತ ನಾನು ಹೇಳಲಿಲ್ವಾ" ಎಂದ ಉದ್ದನೆಯ ಹುಡುಗ, ಪಕ್ಕದವನಿಗೆ. ಎಲ್ಲರೂ ಒಳಗೆ ಹೋದರು. ಚೆಂಡಿನ ಸದ್ದು ಮತ್ತೆ ಶುರುವಾಯಿತು.

ಭಾವ ಇಳಿದು ಬಂದು, "ಬ್ಯಾಟರಿ ಸ್ವಲ್ಪ ವೀಕು" ಎಂದ. ನಾನು ಬಾಯಿ ತೆರೆಯುವ ಮೊದಲೇ ಅಪ್ಪನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದ. "ಮಾವ, ಎಲ್ಲ ತೋರಿಸಿದೆ. ತುಂಬಾ ಹಿಡಿಸಿದೆ ಅವಳಿಗೆ."

"ಸುಳ್ಳು ಅಪ್ಪ" ಎಂದು ನಾನು ಕೂಗಿದೆ. "ಇಲ್ಲಿ ಒಂದು ವಿಮಾನವೂ ಹಾರಲ್ಲ."

"ಶುರು ಮಾಡಿದಳು ನೋಡಿ" ಎಂದರು ಅಪ್ಪ. "ಅವಳ ಮಾತು ಬೇಡ. ದೊಡ್ಡವಳಿಗೆ ಕೊಡಿ."

ಅಕ್ಕ ಸುಳ್ಳು ಹೇಳಿದರೆ ನನ್ನ ಕಥೆ ಅಲ್ಲಿಗೆ ಮುಗಿಯಿತು. ಅಕ್ಕ ಫೋನ್ ತೆಗೆದುಕೊಂಡಳು. ಮಾತಾಡಿದ್ದು ಮಾತ್ರ ಗಂಡನ ಹತ್ತಿರ, ಮೆಲ್ಲಗೆ.

"ಫೋನ್ ಎತ್ತದೇ ಇದ್ದಾಗೆಲ್ಲ ಇಲ್ಲಿ ಚೆಂಡು ಹೊಡೀತಿದ್ರಾ?"

ಅವನು ಫೋನ್ ಕಸಿದುಕೊಳ್ಳಲು ಕೈ ಚಾಚಿದ.

"ಅಪ್ಪ, ಈ ಶಾಲೆ ಬೇಡ" ಎಂದಳು ಅಕ್ಕ ಫೋನಿಗೆ. "ಅವಳು ಹೇಳೋ ಕಡೆ ಸೇರಿಸಿ." ಅವನ ಫೋನನ್ನು ವಿಮಾನದ ರೆಕ್ಕೆಯ ಧೂಳಿನ ಮೇಲಿಟ್ಟು, ನನ್ನನ್ನು ನೋಡಿದಳು. "ಬೇಕಾಗಿದ್ದು ಸಿಕ್ತಲ್ಲ? ಇನ್ಮೇಲೆ ನನ್ನ ಮನೆ ಮೆಟ್ಟಿಲು ಹತ್ತಬೇಡ."

"ಅಕ್ಕ, ನಾನು ನಿನ್ನ ಮೇಲೆ..."

"ಹತ್ತಬೇಡ ಅಂದೆ."

ಭಾವ ಫೋನ್ ಎತ್ತಿಕೊಂಡ, ಇಬ್ಬರೂ ಗೇಟಿನವರೆಗೆ ಅವಳ ಹಿಂದೆ ಓಡಿದೆವು. ಅವಳು ಕಾರಿನ ಬಾಗಿಲು ಹಾಕಿಕೊಂಡು ಒಬ್ಬಳೇ ಹೊರಟುಹೋದಳು. ಗೇಟಿನಲ್ಲಿ ಉಳಿದವರು ನಾವಿಬ್ಬರೇ, ಒಬ್ಬರನ್ನೊಬ್ಬರು ಕಂಡರೆ ಆಗದವರು. ಭಾವ ಅವಳಿಗೆ ಫೋನ್ ಮಾಡಿದ. ರಿಂಗಾಗುತ್ತಲೇ ಇತ್ತು. ಮತ್ತೆ ಮಾಡಿದ.

"ಎತ್ತುತ್ತಿಲ್ಲ" ಎಂದ, ನನಗೇ ಹೇಳುವ ಹಾಗೆ.

ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಮೇಲಿದ್ದಾಳೆ ಅನ್ಸುತ್ತೆ ಎನ್ನಬೇಕಿತ್ತು. ಅಳು ಬಂದುಬಿಟ್ಟಿತು. ಅವನೆದುರು ಅಳುವುದು ಬೇಡವೆಂದು ಬಸ್ ಸ್ಟಾಪ್ ಕಡೆ ನಡೆದೆ.